ಉತ್ತರಕುಮಾರ ಒಲೆಯ ಮುಂದೆಯೇ ಉಳಿಯಲಿಲ್ಲ

(ಕತೆ, ಕಾದಂಬರಿ ಬರೆಯುವವರ ಪ್ರಶ್ನೆಗಳಿಗೆ ಉತ್ತರ)

ಪ್ರಶ್ನೆ: ನಾನೊಂದು ಕಾದಂಬರಿ ಬರೆಯುತ್ತಿದ್ದೇನೆ. ಕಥಾನಾಯಕನಿಗೆ 42 ವರ್ಷ, ಬುದ್ಧಿ ಮಾತ್ರ ಹತ್ತು ವರ್ಷದ ಹುಡುಗನದು. ದುಡಿಯುವುದಿಲ್ಲ, ಸಾಲ ತಂದು ಮರೆಯುತ್ತಾನೆ, ಸಿಕ್ಕಿಬಿದ್ದರೆ ಸುಳ್ಳು ಹೇಳುತ್ತಾನೆ, ಬೈದರೆ ಮುನಿಸಿಕೊಂಡು ಊಟ ಬಿಡುತ್ತಾನೆ. ಅಣ್ಣ, ಅತ್ತಿಗೆ ಅವನನ್ನು ಸಾಕುತ್ತಿದ್ದಾರೆ. ನನಗೆ ಅವನೆಂದರೆ ಜೀವ. ಆದರೆ ಹಸ್ತಪ್ರತಿ ಓದಿದ ಮೂವರು ಗೆಳೆಯರಲ್ಲಿ ಇಬ್ಬರು "ಅತ್ತಿಗೆಯ ಪಾಡು ನೋಡಿ ಅಳು ಬಂತು, ಇವನಿಗೆ ಎರಡು ಬಾರಿಸಬೇಕು ಅನ್ನಿಸಿತು" ಎಂದರು. ಮೂರನೆಯವರು "ನೀವು ಅವನ ಪರವಾಗಿ ಇಷ್ಟೊಂದು ವಕಾಲತ್ತು ವಹಿಸಬಾರದಿತ್ತು" ಎಂದರು. ಅವನ ತಪ್ಪುಗಳನ್ನು ಕಡಿಮೆ ಮಾಡಲೇ? ಬಾಲ್ಯದಲ್ಲಿ ದೊಡ್ಡದೊಂದು ದುಃಖ ಬಂದಿತ್ತು ಎಂದು ಒಂದು ಅಧ್ಯಾಯ ಸೇರಿಸಲೇ? ಬರೆದಿರುವ ಎರಡು ಅಧ್ಯಾಯಗಳನ್ನು ಜೊತೆಗಿಟ್ಟಿದ್ದೇನೆ.

ಉತ್ತರ: ಎರಡೂ ಬೇಡ. ನಿಮ್ಮ ಅಧ್ಯಾಯಗಳನ್ನು ಎರಡು ಸಲ ಓದಿದೆ, ಎರಡನೆಯ ಸಲ ಪೆನ್ಸಿಲ್ ಹಿಡಿದು. 'ಮುಗ್ಧ' ಎಂಬ ಮಾತು 11 ಕಡೆ ಬಂದಿದೆ, 'ಪಾಪ' ಎಂಬುದು 7 ಕಡೆ. ಅಷ್ಟು ಸಲವೂ ಅದನ್ನು ಹೇಳುತ್ತಿರುವವರು ನೀವೇ. ಆ ಮನೆಯಲ್ಲಿ ಯಾರೂ ಅವನನ್ನು ಮುಗ್ಧ ಎನ್ನುವುದಿಲ್ಲ. ಅಂಥವನೊಡನೆ ದಿನ ಬೆಳಗಾದರೆ ಏಗಬೇಕಾದವರ ಬಾಯಲ್ಲಿ ಬರುವ ಮಾತುಗಳು ಬೇರೆ: ಪೆದ್ದ, ಹುಂಬ, ಬೇಜವಾಬ್ದಾರಿ, ಇಷ್ಟು ವಯಸ್ಸಾದರೂ ಹುಡುಗಾಟ ಬಿಟ್ಟಿಲ್ಲ. 'ಮುಗ್ಧ' ಎನ್ನುವುದು ತೀರ್ಪು. ಆ ತೀರ್ಪನ್ನು ಓದುಗರು ತಾವಾಗಿ ಕೊಡಬೇಕು. ನೀವು ಮೊದಲೇ ಬರೆದು ಕೈಗಿಟ್ಟರೆ ಅವರು ಎದುರು ಪಕ್ಷಕ್ಕೆ ಹೋಗಿ ನಿಲ್ಲುತ್ತಾರೆ. ನಿಮ್ಮ ಮೂರನೆಯ ಗೆಳೆಯರು 'ವಕಾಲತ್ತು' ಎಂದದ್ದು ಇದನ್ನೇ. ಅವರ ಮಾತಿಗೆ ಬೆಲೆ ಕೊಡಿ.

ಬಾಲ್ಯದ ದುಃಖದ ವಿಷಯ. ನನಗೆ ಬರುವ ಹಸ್ತಪ್ರತಿಗಳಲ್ಲಿ ಈ ಅಧ್ಯಾಯ ಎಷ್ಟು ಸಲ ಎದುರಾಗುತ್ತದೆ ಎಂದರೆ, ಪುಟ ತಿರುಗಿಸುವ ಮೊದಲೇ ಅದರ ವಾಸನೆ ಬಡಿಯುತ್ತದೆ. ತಾಯಿ ಸತ್ತಳು, ತಂದೆ ಹೊಡೆದ, ಅದಕ್ಕೇ ಇವನು ಹೀಗಾದ. ಅದರಿಂದ ಓದುಗರಿಗೆ ಒಂದು ಕಾರಣ ಸಿಗುತ್ತದೆ. ಕಾರಣ ತಿಳಿದ ಮಾತ್ರಕ್ಕೆ ಅಕ್ಕರೆ ಹುಟ್ಟುವುದಿಲ್ಲ. ವೈದ್ಯರು ಬರೆದುಕೊಟ್ಟ ಚೀಟಿಯನ್ನು ಓದಿದ ಹಾಗೆ, ಹೌದು, ಕಾಯಿಲೆ ಇದೆ ಎಂದು ತಲೆಯಾಡಿಸಿ ಮುಂದೆ ಹೋಗುತ್ತಾರೆ.

ಹಾಗಾದರೆ ಅಕ್ಕರೆ ಹುಟ್ಟುವುದು ಎಲ್ಲಿಂದ? ಇದಕ್ಕೆ ನಾನು ಮತ್ತೆ ಮತ್ತೆ ಹಿಂದಿರುಗುವುದು ನಮಗೆಲ್ಲ ಗೊತ್ತಿರುವ ಒಬ್ಬ ಹುಡುಗನ ಬಳಿಗೆ: ವಿರಾಟನ ಮಗ ಉತ್ತರ. 'ಉತ್ತರನ ಪೌರುಷ ಒಲೆಯ ಮುಂದೆ' ಎಂದು ಗಾದೆ ಮಾಡಿ ಅವನನ್ನು ಮುಗಿಸಿಬಿಟ್ಟಿದ್ದೇವೆ. ಮಹಾಭಾರತ ಅವನನ್ನು ಅಷ್ಟಕ್ಕೇ ಬಿಡಲಿಲ್ಲ. ಆ ಪ್ರಸಂಗವನ್ನು ಒಂದೊಂದೇ ಹೆಜ್ಜೆ ಇಟ್ಟು ನೋಡೋಣ, ಏಕೆಂದರೆ ನಿಮಗೆ ಬೇಕಾದದ್ದೆಲ್ಲ ಅಲ್ಲಿದೆ.

ಕೌರವರು ತುರುಗಳನ್ನು ಹಿಡಿದರೆಂದು ದೂರು ಬರುತ್ತದೆ. ತಂದೆ ಸೈನ್ಯವನ್ನೆಲ್ಲ ಕಟ್ಟಿಕೊಂಡು ತ್ರಿಗರ್ತರ ಮೇಲೆ ಹೋಗಿದ್ದಾನೆ. ಹೆಂಗಸರ ನಡುವೆ ಕೂತ ಹುಡುಗ, ಒಳ್ಳೆಯ ಸಾರಥಿಯೊಬ್ಬ ಸಿಕ್ಕಿದ್ದರೆ ಕೌರವರ ಗತಿ ಏನು ಮಾಡುತ್ತಿದ್ದೆ ನೋಡಿ ಎನ್ನುತ್ತಾನೆ. ಸಾರಥಿ ಸಿಕ್ಕಿಯೇಬಿಡುತ್ತಾನೆ, ಬೃಹನ್ನಳೆಯ ವೇಷದಲ್ಲಿದ್ದ ಅರ್ಜುನ. ಹೊರಡುವಾಗ ಉತ್ತರೆಯೂ ಗೆಳತಿಯರೂ ಗೊಂಬೆಗಳಿಗೆ ಉಡಿಸಲು ಆ ಭೀಷ್ಮ ದ್ರೋಣರ ಬಣ್ಣಬಣ್ಣದ ಬಟ್ಟೆ ತಂದುಕೊಡು ಎಂದು ಬೃಹನ್ನಳೆಯನ್ನು ಕೇಳುತ್ತಾರೆ. ಯುದ್ಧವೆಂದರೆ ಆ ಮನೆಯ ಮಕ್ಕಳ ಪಾಲಿಗೆ ಇಷ್ಟೇ. ಆಮೇಲೆ ಸೇನೆ ಕಣ್ಣಿಗೆ ಬೀಳುತ್ತದೆ. ಹುಡುಗನ ಮೈ ನವಿರೇಳುತ್ತದೆ. ಅಪ್ಪ ಸೈನ್ಯವನ್ನೆಲ್ಲ ಕರೆದುಕೊಂಡು ಹೋದ, ನಾನೊಬ್ಬನೇ, ನಾನಿನ್ನೂ ಬಾಲಕ, ಪಳಗಿದವನಲ್ಲ ಎನ್ನುತ್ತಾನೆ. ಹೆಂಗಸರು ನಗುತ್ತಾರೆ ಎಂದು ಸಾರಥಿ ಎಚ್ಚರಿಸಿದರೆ, ನಗಲಿ, ಹಸುಗಳನ್ನು ಕೌರವರೇ ಒಯ್ಯಲಿ ಎಂದು ರಥದಿಂದ ಧುಮುಕಿ ಓಡುತ್ತಾನೆ. ಸಾರಥಿ ನೂರು ಹೆಜ್ಜೆಯೊಳಗೆ ಅಟ್ಟಿ ಅವನ ಜುಟ್ಟು ಹಿಡಿದಾಗ ಹುಡುಗ ಚೌಕಾಸಿಗೆ ಇಳಿಯುತ್ತಾನೆ: ಚೊಕ್ಕ ಚಿನ್ನದ ನೂರು ನಿಷ್ಕ ಕೊಡುತ್ತೇನೆ, ಎಂಟು ವೈಡೂರ್ಯ ಕೊಡುತ್ತೇನೆ, ರಥ ಕೊಡುತ್ತೇನೆ, ಹತ್ತು ಮದಗಜ ಕೊಡುತ್ತೇನೆ, ಬಿಟ್ಟುಬಿಡು.

ಎಂಟು ವೈಡೂರ್ಯ. ಈ ಲೆಕ್ಕವನ್ನು ಓದುವಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. ಪ್ರಾಣ ಹೋಗುವ ಹೊತ್ತಿನಲ್ಲಿ ಮಗು ತನ್ನ ಪೆಟ್ಟಿಗೆಯಲ್ಲಿ ಏನೇನಿದೆ ಎಂದು ಎಣಿಸಿ ಹೇಳುತ್ತಿದೆ. ಕವಿ ಅವನನ್ನು ಮುಗ್ಧ ಎನ್ನಲಿಲ್ಲ, ಹೇಡಿ ಎಂದೂ ಬಯ್ಯಲಿಲ್ಲ. ಎಂಟು ಎಂದ, ಅಷ್ಟೇ.

ಇಲ್ಲಿಗೆ ನಿಂತಿದ್ದರೆ ಗಾದೆಯೇ ಸರಿ ಎನ್ನಬಹುದಿತ್ತು. ಅರ್ಜುನ ಅವನನ್ನು ಸಾರಥಿಯ ಜಾಗದಲ್ಲಿ ಕೂರಿಸಿ ತಾನು ಬಿಲ್ಲು ಹಿಡಿಯುತ್ತಾನೆ. ಕೌರವರು ಮೈಮರೆತು ಬಿದ್ದಾಗ, ಹೋಗಿ ಬಟ್ಟೆಗಳನ್ನು ತಾ ಎನ್ನುತ್ತಾನೆ. ಸ್ವಲ್ಪ ಹೊತ್ತಿನ ಹಿಂದೆ ಯಾರನ್ನು ನೋಡಿ ಓಡಿದನೋ ಅವರ ನಡುವೆಯೇ ಹುಡುಗ ರಥದಿಂದಿಳಿದು ನಡೆಯುತ್ತಾನೆ. ದ್ರೋಣ ಕೃಪರ ಬಿಳಿಯ ಬಟ್ಟೆ, ಕರ್ಣನ ಹಳದಿ ಬಟ್ಟೆ, ಅಶ್ವತ್ಥಾಮ ದುರ್ಯೋಧನರ ನೀಲಿ ಬಟ್ಟೆಗಳನ್ನು ಆಯ್ದುಕೊಂಡು ಬರುತ್ತಾನೆ, ಗೊಂಬೆಗಳಿಗೆ. ಹಿಂದಿರುಗುವಾಗ ಅರ್ಜುನ, ನಾವು ಯಾರೆಂದು ಈಗಲೇ ಹೊರಬೀಳುವುದು ಬೇಡ, ಗೆದ್ದವನು ನಾನೇ ಎಂದು ನಿನ್ನ ತಂದೆಗೆ ಹೇಳಿಬಿಡು ಎನ್ನುತ್ತಾನೆ. ಅಂದರೆ ಜಂಬದ ಹುಡುಗನ ಕೈಗೆ ಅವನ ಆಸೆಗೆ ತಕ್ಕ ಸುಳ್ಳೇ ಸಿಕ್ಕಿದೆ, ದೊಡ್ಡವರ ಅಪ್ಪಣೆಯೂ ಇದೆ. ಊರೆಲ್ಲ ಅವನನ್ನು ಹಾಡಿ ಹೊಗಳಲು ಸಿದ್ಧವಾಗಿದೆ. ತಂದೆಯ ಮುಂದೆ ನಿಂತ ಉತ್ತರ ಹೇಳುವುದು ಬೇರೆಯೇ: ಹಸುಗಳನ್ನು ಗೆದ್ದವನು ನಾನಲ್ಲ, ಶತ್ರುಗಳನ್ನು ಗೆದ್ದವನೂ ನಾನಲ್ಲ, ಯಾರೋ ಒಬ್ಬ ದೇವಪುತ್ರ ಅದನ್ನೆಲ್ಲ ಮಾಡಿದ, ನಾನು ಹೆದರಿ ಓಡುತ್ತಿದ್ದೆ, ಅವನು ತಡೆದ.

ಅರ್ಜುನನ ಗುಟ್ಟನ್ನು ಕಾಯುತ್ತಾನೆ, ತನ್ನ ಓಟವನ್ನು ಮುಚ್ಚಿಡುವುದಿಲ್ಲ. ಹೆಂಗಸರ ಮುಂದೆ ಬಡಾಯಿ ಕೊಚ್ಚಿದ ಬಾಯಿಯೇ ಇದನ್ನೂ ಹೇಳುತ್ತಿದೆ. ಬಡಾಯಿಗೂ ಈ ಒಪ್ಪಿಗೆಗೂ ಬೇರು ಒಂದೇ: ಮನಸ್ಸಿಗೆ ಬಂದದ್ದು ನಾಲಿಗೆಗೆ ಬರುತ್ತದೆ, ನಡುವೆ ಜರಡಿ ಇಲ್ಲ. ನಾನು ಹೇಳಬೇಕಾದ ಮುಖ್ಯ ಮಾತು ಇದು. ದೋಷ ಒಂದು ಕಡೆ, ಒಳ್ಳೆಯ ಗುಣ ಇನ್ನೊಂದು ಕಡೆ ಇಟ್ಟು ತಕ್ಕಡಿಯಲ್ಲಿ ತೂಗುವ ಪಾತ್ರ ಯಾರಿಗೂ ಹತ್ತಿರವಾಗುವುದಿಲ್ಲ. 'ಸಾಲಗಾರ, ಆದರೆ ನಾಯಿಗಳನ್ನು ಕಂಡರೆ ಪ್ರೀತಿ' ಎಂದು ಬರೆದರೆ ಆ ನಾಯಿಯನ್ನು ನೀವು ಬೇಕೆಂದೇ ತಂದು ಕಟ್ಟಿದ್ದೀರಿ ಎಂದು ಓದುಗರಿಗೆ ಗೊತ್ತಾಗುತ್ತದೆ. ಯಾವ ಗುಣ ಅವನ ಕೈಯಲ್ಲಿ ತಪ್ಪು ಮಾಡಿಸುತ್ತದೆಯೋ ಅದೇ ಗುಣ ಇನ್ನೊಂದು ಗಳಿಗೆಯಲ್ಲಿ ನಮ್ಮನ್ನು ಕರಗಿಸಬೇಕು.

ನಿಮ್ಮ ಹಸ್ತಪ್ರತಿಯಲ್ಲಿ ಅದು ಇದೆ. ನೀವೇ ಅದನ್ನು ಗಮನಿಸದೆ ದಾಟಿ ಹೋಗಿದ್ದೀರಿ. ಎರಡನೆಯ ಅಧ್ಯಾಯದಲ್ಲಿ, ಅಣ್ಣನ ಮಗನ ಕನ್ನಡಕಕ್ಕೆಂದು ಅತ್ತಿಗೆ ಎತ್ತಿಟ್ಟ ಹಣವನ್ನು ಇವನು ತೆಗೆದುಕೊಂಡು ಹೋಗಿ ಒಂದು ಹಳೆಯ ದುರ್ಬೀನು ಕೊಂಡು ತರುತ್ತಾನೆ. ಅದಾದ ಮೇಲೆ ಒಂದೂವರೆ ಪುಟ ನಿಮ್ಮ ವಾದವಿದೆ: ಲೋಕ ಇವನನ್ನು ಅರ್ಥ ಮಾಡಿಕೊಳ್ಳಲಿಲ್ಲ, ಇವನದು ಹಸುಳೆಯ ಮನಸ್ಸು, ಇತ್ಯಾದಿ. ಆದರೆ ಆ ವಾದಕ್ಕೆ ಮುಂಚೆ ಒಂದೇ ಸಾಲು ಇದೆ: 'ಬಂದವನೇ ಅದನ್ನು ಹುಡುಗನ ಕಣ್ಣಿಗೆ ಹಿಡಿದ.' ಇಲ್ಲಿ ನಿಲ್ಲಿ. ಅವನ ಲೆಕ್ಕ ಏನಿತ್ತು? ಹುಡುಗನಿಗೆ ದೂರದ್ದು ಕಾಣುವುದಿಲ್ಲ. ಕನ್ನಡಕ ಹಾಕಿದರೆ ಕರಿಹಲಗೆಯಷ್ಟು ದೂರ ಕಾಣುತ್ತದೆ. ಇದರಲ್ಲಾದರೆ ಬೆಟ್ಟದ ಮೇಲಿನ ಮರ ಕಾಣುತ್ತದೆ. ಅದೇ ಹಣಕ್ಕೆ ಇನ್ನೂ ಹೆಚ್ಚು ದೂರ! ಅವನು ಕದ್ದಿದ್ದಾನೆ, ನಿಜ. ಆದರೆ ತನ್ನ ಮಟ್ಟಿಗೆ ಮನೆಗೆ ಲಾಭವನ್ನೇ ತಂದಿದ್ದಾನೆ. ಈ ಲೆಕ್ಕವನ್ನು ಅವನ ಬಾಯಿಂದ ಹೇಳಿಸಲೂ ಬೇಡಿ. ಹುಡುಗನ ಕಣ್ಣಿಗೆ ದುರ್ಬೀನು ಹಿಡಿದು, ತಿರುಪನ್ನು ಆ ಕಡೆ ಈ ಕಡೆ ತಿರುಗಿಸುತ್ತ, "ಈಗ? ಈಗ ಕಂಡಿತೇ? ಕೊಂಬೆ ಕಂಡಿತೇ?" ಎಂದು ಕೇಳಲಿ. ಹುಡುಗ "ಕಂಡಿತು" ಎನ್ನಲಿ. ಅಲ್ಲಿಗೆ ಅತ್ತಿಗೆ ಬಂದು ಖಾಲಿ ಡಬ್ಬಿಯನ್ನು ಹಿಡಿದು ನಿಲ್ಲಲಿ. ಆ ಒಂದೂವರೆ ಪುಟದ ವಾದವನ್ನು ಪೂರ್ತಿ ತೆಗೆದುಹಾಕಿ.

ಇನ್ನು ಅತ್ತಿಗೆಯ ಮಾತು. ಇಬ್ಬರು ಗೆಳೆಯರು ಅವಳಿಗಾಗಿ ಅತ್ತರು ಎಂದು ನೀವು ಬೇಸರ ಪಟ್ಟಿದ್ದೀರಿ. ಅದು ನಿಮ್ಮ ಬರವಣಿಗೆಯ ಗೆಲುವು. ಅದನ್ನು ಹಾಳುಮಾಡಿಕೊಳ್ಳಬೇಡಿ. ನಾಯಕ ಒಳ್ಳೆಯವನಾಗಿ ಕಾಣಲಿ ಎಂದು ಸುತ್ತಲಿನವರನ್ನು ಕಲ್ಲೆದೆಯವರನ್ನಾಗಿ ಮಾಡುವುದು ಈ ಬಗೆಯ ಕಾದಂಬರಿಗೆ ಹಿಡಿಯುವ ದೊಡ್ಡ ರೋಗ. ಅತ್ತಿಗೆಗೆ ಸಿಟ್ಟಾಗುವ ಹಕ್ಕಿದೆ. ಹುಡುಗ ಇನ್ನೂ ಎಷ್ಟೋ ವಾರ ಕಣ್ಣು ಕಿರಿದು ಮಾಡಿಕೊಂಡು ಹಲಗೆ ನೋಡುತ್ತಾನೆ. ಅದನ್ನು ನೀವು ಬರೆಯಲೇಬೇಕು, ಮುಂದಿನ ಅಧ್ಯಾಯದಲ್ಲಿ ಮರೆಯಬಾರದು.

'ಡಾನ್ ಕ್ವಿಕ್ಸಾಟ್' ಕಾದಂಬರಿಯ ಮೊದಲ ಭಾಗ 1605ರಲ್ಲಿ ಬಂತು. ತಾನು ವೀರಯೋಧನೆಂದು ನಂಬಿ ಹೊರಟ ಆ ಮುದುಕ ಮೊದಮೊದಲು ಮಾಡುವ ಘನಕಾರ್ಯಗಳಲ್ಲಿ ಒಂದು, ಯಜಮಾನ ಮರಕ್ಕೆ ಕಟ್ಟಿ ಹೊಡೆಯುತ್ತಿದ್ದ ಆಂಡ್ರೆಸ್ ಎಂಬ ಹುಡುಗನನ್ನು ಬಿಡಿಸುವುದು. ಸಂಬಳ ಕೊಡುತ್ತೇನೆ ಎಂದು ಯಜಮಾನನಿಂದ ಆಣೆ ಹಾಕಿಸಿಕೊಂಡು ತೃಪ್ತನಾಗಿ ಕುದುರೆ ಹತ್ತಿ ಹೋಗುತ್ತಾನೆ. ಅವನು ಕಣ್ಮರೆಯಾದ ಕೂಡಲೇ ಯಜಮಾನ ಹುಡುಗನನ್ನು ಮತ್ತೆ ಕಟ್ಟಿ ಮೊದಲಿಗಿಂತ ಹೆಚ್ಚು ಹೊಡೆಯುತ್ತಾನೆ. ಬೇರೆ ಲೇಖಕನಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದ. ಸೆರ್ವಾಂಟೆಸ್ ಬಿಡಲಿಲ್ಲ. ಎಷ್ಟೋ ಅಧ್ಯಾಯಗಳಾದ ಮೇಲೆ ಆ ಹುಡುಗನನ್ನು ದಾರಿಯಲ್ಲಿ ತಂದು ನಿಲ್ಲಿಸುತ್ತಾನೆ. ಮುಂದೆ ನನ್ನನ್ನು ಯಾರು ತುಂಡುತುಂಡು ಮಾಡುತ್ತಿದ್ದರೂ ನೀನು ಮಾತ್ರ ಸಹಾಯಕ್ಕೆ ಬರಬೇಡ ಎಂದು ಹುಡುಗ ಎಲ್ಲರೆದುರು ಶಪಿಸಿ ಹೋಗುತ್ತಾನೆ. ಮುದುಕ ತಲೆ ತಗ್ಗಿಸುತ್ತಾನೆ. ನಮಗೆ ಅವನ ಮೇಲೆ ಪ್ರೀತಿ ಕಡಿಮೆಯಾಗುತ್ತದೆಯೇ? ನನಗೆ ಆಗಲಿಲ್ಲ. ಪೆಟ್ಟು ತಿಂದವನ ಮಾತನ್ನು ಮುಚ್ಚಿಡದ ಲೇಖಕನನ್ನು ನಂಬಿದೆ. ಆ ನಂಬಿಕೆಯಿಂದಲೇ ಮುದುಕನನ್ನೂ ಹಿಂಬಾಲಿಸಿದೆ.

ಕೊನೆಗೆ, ನಾನೇ ಕಲಿತದ್ದೊಂದನ್ನು ಹೇಳುತ್ತೇನೆ. 26ನೆಯ ವಯಸ್ಸಿನಲ್ಲಿ ನನ್ನ ಚಿಕ್ಕಪ್ಪನನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಕತೆ ಬರೆದೆ. ಸಾಲ ಕೊಟ್ಟವರು ಬಂದರೆ ಮಂಚದ ಕೆಳಗೆ ಅಡಗುತ್ತಿದ್ದ ಮನುಷ್ಯ. ನನ್ನ ತಂದೆ ಅವನ ಸಾಲ ತೀರಿಸಿ ಸಾಕಾಗಿದ್ದರು. ಒಂದು ದಿನವೂ ಅವನು 'ತಪ್ಪಾಯಿತು' ಎಂದವನಲ್ಲ. ಕತೆಯಲ್ಲಿ ನಾನು ಅವನನ್ನು ಬಗೆಬಗೆಯಾಗಿ ಸಮರ್ಥಿಸಿದ್ದೆ. ಪತ್ರಿಕೆಯ ಸಂಪಾದಕರು ಹಿಂದಿರುಗಿಸಿದರು. ಅಂಚಿನಲ್ಲಿ ಪೆನ್ಸಿಲಿನಿಂದ ಒಂದೇ ಸಾಲು: 'ಇವನು ಒಬ್ಬನೇ ಇದ್ದಾಗ ಏನು ಮಾಡುತ್ತಾನೆ?' ನನಗೆ ಉತ್ತರ ಗೊತ್ತಿರಲಿಲ್ಲ. ಹಲವು ದಿನ ಯೋಚಿಸಿದ ಮೇಲೆ ಚಿಕ್ಕಂದಿನಲ್ಲಿ ಬಾಗಿಲ ಸಂದಿಯಿಂದ ಕಂಡದ್ದು ನೆನಪಾಯಿತು. ಚಿಕ್ಕಪ್ಪ ಕನ್ನಡಿಯ ಮುಂದೆ ನಿಂತು "ಅಣ್ಣಾ, ತಪ್ಪಾಯಿತು" ಎಂದು ಹೇಳಿಕೊಳ್ಳುತ್ತಿದ್ದ. ಒಂದು ಸಲ ಕೈಮುಗಿದು, ಒಂದು ಸಲ ಕೈ ಕಟ್ಟಿ, ಇನ್ನೊಂದು ಸಲ ನಗುತ್ತ. ಯಾವುದು ಹೊಂದುತ್ತದೆ ಎಂದು ನೋಡುತ್ತಿದ್ದ. ಸಂಜೆ ತಂದೆ ಬಂದು ಚಪ್ಪಲಿ ಬಿಟ್ಟರು. ಚಿಕ್ಕಪ್ಪ ಎದುರಿಗೆ ಹೋಗಿ ನಿಂತ, ಬಾಯಿ ತೆರೆದ, ಆಮೇಲೆ "ಗಡಿಯಾರ ನಿಂತಿದೆ, ಕೀ ಕೊಡಲೇ?" ಎಂದ.

ಕತೆಯನ್ನು ಅದೊಂದರ ಸುತ್ತ ಹೊಸದಾಗಿ ಬರೆದೆ. ಸಮರ್ಥನೆಯ ಮಾತು ಒಂದೂ ಬೇಕಾಗಲಿಲ್ಲ. ನಿಮ್ಮ ನಾಯಕ ಮುನಿಸಿಕೊಂಡು ಊಟ ಬಿಟ್ಟ ರಾತ್ರಿ, ಎಲ್ಲರೂ ಮಲಗಿದ ಮೇಲೆ ಏನು ಮಾಡುತ್ತಾನೆ? ಅದು ನಿಮಗೆ ತಿಳಿದ ದಿನ ಮೊದಲ ಅಧ್ಯಾಯಕ್ಕೆ ಹಿಂದಿರುಗಿ.

ಪ್ರಶ್ನೆ: ಮಗುವಿನಂಥ ಪಾತ್ರಗಳು ಎಂದು ವಿಮರ್ಶಕರು ಹೊಗಳುವ ಕೆಲವನ್ನು ಓದಿದರೆ ನನಗೆ ರೇಗುತ್ತದೆ. ಅದೇ ಇನ್ನು ಕೆಲವು ಪಾತ್ರಗಳಿಗೆ ಮನಸ್ಸು ಸೋಲುತ್ತದೆ. ತಪ್ಪು ನನ್ನ ಓದಿನಲ್ಲಿದೆಯೇ?

ಉತ್ತರ: ಇಲ್ಲ, ನಿಮ್ಮ ಸಿಟ್ಟಿಗೆ ಆಧಾರವಿದೆ. ಅದನ್ನು ತೋರಿಸಲು ಒಬ್ಬನೇ ಲೇಖಕನ ಎರಡು ಪಾತ್ರಗಳು ಸಾಕು. ಚಾರ್ಲ್ಸ್ ಡಿಕನ್ಸ್ 1849-50ರಲ್ಲಿ 'ಡೇವಿಡ್ ಕಾಪರ್‌ಫೀಲ್ಡ್' ಬರೆದರು, 1852-53ರಲ್ಲಿ 'ಬ್ಲೀಕ್ ಹೌಸ್'. ಮೊದಲನೆಯದರಲ್ಲಿ ಮಿಸ್ಟರ್ ಡಿಕ್ ಇದ್ದಾನೆ, ಎರಡನೆಯದರಲ್ಲಿ ಹೆರಾಲ್ಡ್ ಸ್ಕಿಂಪೋಲ್. ಇಬ್ಬರೂ ಬೆಳೆದ ಗಂಡಸರು, ಇಬ್ಬರಿಗೂ ಹಣದ ವ್ಯವಹಾರ ತಿಳಿಯದು ಎಂಬ ಹೆಸರು, ಇಬ್ಬರೂ ಬೇರೆಯವರ ಆಸರೆಯಲ್ಲಿ ಬದುಕುತ್ತಾರೆ.

ಸ್ಕಿಂಪೋಲ್ ಸಿಕ್ಕಸಿಕ್ಕವರ ಮುಂದೆ, ನಾನು ಬರೀ ಮಗು, ನನಗೇನು ತಿಳಿಯುತ್ತದೆ ಎನ್ನುತ್ತಲೇ ಇರುತ್ತಾನೆ. ಅವನ ಸಾಲವನ್ನು ಬೇರೆಯವರು ತೀರಿಸುತ್ತಾರೆ. ಮಗುವಿಗೆ ತಾನು ಮಗು ಎಂದು ಗೊತ್ತಿರುವುದಿಲ್ಲ ಎಂಬ ಸರಳ ವಿಷಯವನ್ನು ಡಿಕನ್ಸ್ ನಮಗೆ ಹೊಳೆಯಲು ಬಿಡುತ್ತಾರೆ. ಒಂದು ರಾತ್ರಿ ಜ್ವರದಿಂದ ನರಳುವ ಜೋ ಎಂಬ ಅನಾಥ ಹುಡುಗನಿಗೆ ಸ್ಕಿಂಪೋಲ್ ಇಳಿದುಕೊಂಡಿದ್ದ ಮನೆಯವರು ಆಸರೆ ಕೊಡುತ್ತಾರೆ. ಬೆಳಗಾಗುವಷ್ಟರಲ್ಲಿ ಹುಡುಗ ಇಲ್ಲ. ಬಹಳ ಕಾಲದ ಮೇಲೆ ತಿಳಿಯುತ್ತದೆ: ಐದು ಪೌಂಡಿನ ನೋಟೊಂದನ್ನು ಪಡೆದು ಅವನನ್ನು ಪತ್ತೇದಾರನಿಗೆ ಒಪ್ಪಿಸಿದವನು ಸ್ಕಿಂಪೋಲ್. ಹಣದ ಬೆಲೆ ಅರಿಯದವನಿಗೆ ಆ ನೋಟಿನ ಬೆಲೆ ಚೆನ್ನಾಗಿ ಗೊತ್ತಿತ್ತು.

ಮಿಸ್ಟರ್ ಡಿಕ್ ಅರ್ಜಿಯೊಂದನ್ನು ಬರೆಯಲು ವರ್ಷಗಟ್ಟಲೆ ಕೂತಿದ್ದಾನೆ. ಎಲ್ಲಿಂದ ಹೊರಟರೂ ಬರವಣಿಗೆಯೊಳಗೆ ಒಂದನೆಯ ಚಾರ್ಲ್ಸ್ ದೊರೆಯ ಕಡಿದ ತಲೆ ನುಗ್ಗಿಬಿಡುತ್ತದೆ. ಹಾಳೆಗಳನ್ನು ಗಾಳಿಪಟಕ್ಕೆ ಅಂಟಿಸಿ ಹಾರಿಸುತ್ತಾನೆ. ಅವನಿಗೆ ಆಸರೆ ಕೊಟ್ಟಾಕೆಯ ಹಣ ಮುಳುಗಿದಾಗ, ದಸ್ತಾವೇಜುಗಳನ್ನು ನಕಲು ಮಾಡುವ ಕೆಲಸವನ್ನು ಅವನಿಗೆ ಕೊಡಿಸುತ್ತಾರೆ. ದೊರೆಯ ತಲೆ ಕಾಡಿದರೆ ಎದ್ದು ಹೋಗಿ ಬರೆಯಲು ಪಕ್ಕದಲ್ಲೇ ಇನ್ನೊಂದು ಮೇಜಿನ ಮೇಲೆ ಅರ್ಜಿಯ ಹಾಳೆಗಳನ್ನು ಇಡುತ್ತಾರೆ. ಶನಿವಾರದ ಹೊತ್ತಿಗೆ ಅವನು ಹತ್ತು ಶಿಲಿಂಗ್ ಒಂಬತ್ತು ಪೆನ್ಸ್ ದುಡಿಯುತ್ತಾನೆ. ಅಂಗಡಿ ಅಂಗಡಿ ಅಲೆದು ಅದನ್ನೆಲ್ಲ ಆರು ಪೆನ್ಸಿನ ಚಿಲ್ಲರೆ ಮಾಡಿಸುತ್ತಾನೆ, ತಟ್ಟೆಯ ಮೇಲೆ ಆ ನಾಣ್ಯಗಳನ್ನು ಹೃದಯದ ಆಕಾರದಲ್ಲಿ ಜೋಡಿಸುತ್ತಾನೆ, ಕಣ್ಣಲ್ಲಿ ನೀರು ತುಂಬಿಕೊಂಡು ಅವಳ ಮುಂದೆ ತಂದಿಡುತ್ತಾನೆ.

ಒಬ್ಬನ ಐದು ಪೌಂಡ್, ಇನ್ನೊಬ್ಬನ ಆರು ಪೆನ್ಸ್. ನಿಮಗೆ ಯಾರ ಮೇಲೆ ರೇಗಿತು ಎಂದು ಕೇಳಬೇಕಾಗಿಲ್ಲ.

ಮಿಸ್ಟರ್ ಡಿಕ್ ವಿಷಯದಲ್ಲಿ ಇನ್ನೊಂದನ್ನು ಗಮನಿಸಿ. ಅವನಿಗೆ ಆಸರೆ ಕೊಟ್ಟಾಕೆ ಬೆಟ್ಸಿ ಟ್ರಾಟ್‌ವುಡ್ ತುಂಬ ಖಡಕ್ ಹೆಂಗಸು, ಯಾರಿಗೂ ಸೊಪ್ಪು ಹಾಕುವವಳಲ್ಲ. ಅನಾಥ ಡೇವಿಡ್ ಧೂಳು ಮೆತ್ತಿಕೊಂಡು ಅವಳ ಬಾಗಿಲಿಗೆ ಬಂದಾಗ ಈ ಹುಡುಗನನ್ನು ಏನು ಮಾಡಲಿ ಎಂದು ಅವಳು ಕೇಳುವುದು ಮಿಸ್ಟರ್ ಡಿಕ್‌ನನ್ನು. ಅವನು ಯೋಚಿಸಿ, ಸ್ನಾನ ಮಾಡಿಸುತ್ತೇನೆ ಎನ್ನುತ್ತಾನೆ. ಅವಳು ಅದನ್ನು ಮಹಾ ಮಂತ್ರಿಯ ಸಲಹೆಯಂತೆ ಪಾಲಿಸುತ್ತಾಳೆ. ಬುದ್ಧಿವಂತರೊಬ್ಬರು ಗೌರವಿಸುವ ಪೆದ್ದನನ್ನು ನಾವು ಎರಡನೆಯ ಸಲ ತಿರುಗಿ ನೋಡುತ್ತೇವೆ. ಕನ್ನಡದಲ್ಲಿ ಇದರ ಚೆಲುವಾದ ನಿದರ್ಶನ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980). ನಿರೂಪಕನ ಕಣ್ಣಿಗೆ ಮಂದಣ್ಣ ಕೆಲಸಕ್ಕೆ ಬಾರದ ಉಂಡಾಡಿ. ವಿಜ್ಞಾನಿ ಕರ್ವಾಲೊಗೆ ಅವನಲ್ಲಿ ಹುಟ್ಟು ನಿಸರ್ಗತಜ್ಞ ಕಾಣುತ್ತಾನೆ. ಇಂಥ ದೊಡ್ಡ ಮನುಷ್ಯ ಇವನ ಮಾತನ್ನೇಕೆ ಇಷ್ಟು ಗಮನ ಕೊಟ್ಟು ಕೇಳುತ್ತಾನೆ ಎಂಬ ನಿರೂಪಕನ ಕುತೂಹಲ ನಮ್ಮದೂ ಆಗುತ್ತದೆ. ಮಂದಣ್ಣ ಮೊದಲು ಹೇಗಿದ್ದನೋ ಹಾಗೆಯೇ ಇರುತ್ತಾನೆ, ನಾವು ಮಾತ್ರ ಜಾಗ ಬದಲಿಸಿ ನಿಂತಿರುತ್ತೇವೆ.

ಪ್ರಶ್ನೆ: ಅಂಥ ಪಾತ್ರಕ್ಕೆ ತೊದಲು ಮಾತು ಕೊಡಬಹುದೇ?

ಉತ್ತರ: ಬೇಡ. ಎರಡನೆಯ ಪುಟದಲ್ಲಿ ಮುದ್ದು ಎನಿಸಿದ್ದು ಇಪ್ಪತ್ತನೆಯ ಪುಟದಲ್ಲಿ ಕಿರಿಕಿರಿ. ಮಾತು ಸ್ಪಷ್ಟವಾಗಿರಲಿ, ಮಾತಿನ ಹಿಂದಿನ ತರ್ಕ ಮಗುವಿನದಾಗಿರಲಿ.

ಪ್ರಶ್ನೆ: ಇಂಥವನ ಬಾಯಿಂದಲೇ, 'ನಾನು' ಎಂದು ಇಡೀ ಕತೆ ಹೇಳಿಸಿದರೆ ಸಹಾನುಭೂತಿ ಹೆಚ್ಚುತ್ತದೆಯೇ?

ಉತ್ತರ: ಹೆಚ್ಚಬಹುದು, ಒಂದು ಷರತ್ತಿನ ಮೇಲೆ: ಅವನಿಗೆ ಕಾಣದ್ದು ನಮಗೆ ಕಾಣಬೇಕು. ಮಾರ್ಕ್ ಟ್ವೈನ್‌ನ ಹಕಲ್‌ಬೆರಿ ಫಿನ್ ಓಡಿಹೋಗುತ್ತಿರುವ ಗುಲಾಮ ಜಿಮ್‌ನ ಜೊತೆಗಾರ. ಜಿಮ್ ಎಲ್ಲಿದ್ದಾನೆಂದು ಒಡತಿಗೆ ತಿಳಿಸದಿರುವುದು ಪಾಪ ಎಂದು ಹುಡುಗನಿಗೆ ಕಲಿಸಿಟ್ಟಿದ್ದಾರೆ, ಅವನೂ ನಂಬಿದ್ದಾನೆ. ಪತ್ರ ಬರೆಯುತ್ತಾನೆ, ಮನಸ್ಸು ಹಗುರಾಯಿತು ಎನ್ನುತ್ತಾನೆ. ಆಮೇಲೆ ಜಿಮ್ ತನ್ನನ್ನು ನೋಡಿಕೊಂಡ ರೀತಿ ಒಂದೊಂದಾಗಿ ನೆನಪಾಗುತ್ತದೆ. ಹಾಗಾದರೆ ನರಕಕ್ಕೇ ಹೋಗುತ್ತೇನೆ ಎಂದು ಪತ್ರವನ್ನು ಹರಿದು ಹಾಕುತ್ತಾನೆ. ತಾನು ಕೆಟ್ಟವನು ಎಂದು ಅವನು ನಿಜವಾಗಿಯೂ ನಂಬಿರುವುದರಿಂದಲೇ ನಮ್ಮ ಎದೆ ತುಂಬುತ್ತದೆ. ತನ್ನ ಒಳ್ಳೆಯತನ ಅವನಿಗೆ ಎಳ್ಳಷ್ಟು ಗೊತ್ತಿದ್ದಿದ್ದರೂ ಆ ಪುಟ ಸತ್ತುಹೋಗುತ್ತಿತ್ತು.

ಇನ್ನೂ ಕಷ್ಟದ ದಾರಿ ಹಿಡಿದವನು ವಿಲಿಯಂ ಫಾಕ್ನರ್. 'ದಿ ಸೌಂಡ್ ಅಂಡ್ ದಿ ಫ್ಯೂರಿ' (1929) ಕಾದಂಬರಿಯ ಮೊದಲ ಭಾಗವನ್ನು ಹೇಳುವ ಬೆಂಜಿಗೆ 33 ವರ್ಷ, ಅವನಿಗೆ ಮಾತೇ ಬಾರದು. ಗಾಲ್ಫ್ ಮೈದಾನದ ಬೇಲಿಯ ಆಚೆ ಆಟಗಾರರು 'ಕ್ಯಾಡಿ' ಎಂದು ಕೂಗುತ್ತಾರೆ. ಅದು ಚೀಲ ಹೊರುವ ಹುಡುಗನನ್ನು ಕರೆಯುವ ಕೂಗು. ಬೆಂಜಿ ಅಳುತ್ತಾನೆ. ಯಾಕೆಂದು ಅವನು ಹೇಳಲಾರ. ಮನೆ ಬಿಟ್ಟು ಹೋದ ಅವನ ಪ್ರೀತಿಯ ಅಕ್ಕನ ಹೆಸರು ಕ್ಯಾಡಿ ಎಂದು ನಾವೇ ಹೊಂದಿಸಿಕೊಳ್ಳಬೇಕು. ಹೊಂದಿಸಿಕೊಂಡ ಮರುಗಳಿಗೆಯಿಂದ ನಾವು ಅವನ ಮನೆಯವರಾಗಿಬಿಡುತ್ತೇವೆ. ಓದುಗರು ತಾವೇ ದುಡಿದು ಪಡೆದ ದುಃಖ ಬೇಗ ಆರುವುದಿಲ್ಲ.

ಪ್ರಶ್ನೆ: ಕೊನೆಯಲ್ಲಿ ನಾಯಕನನ್ನು ಸಾಯಿಸಿದರೆ ಓದುಗರು ಅವನ ತಪ್ಪುಗಳನ್ನೆಲ್ಲ ಕ್ಷಮಿಸುತ್ತಾರೆ ಎಂದು ಒಬ್ಬರು ಸಲಹೆ ಕೊಟ್ಟಿದ್ದಾರೆ. ನಿಮ್ಮ ಅಭಿಪ್ರಾಯ?

ಉತ್ತರ: ಆ ಸಲಹೆಯನ್ನು ಸ್ವೀಕರಿಸಬೇಡಿ. ಅಲ್ಲಿಯವರೆಗೆ ಹುಟ್ಟದ ಪ್ರೀತಿ ಹೆಣದ ಮುಂದೆ ಹುಟ್ಟುವುದಿಲ್ಲ. ಸ್ಟೈನ್‌ಬೆಕ್‌ನ 'ಆಫ್ ಮೈಸ್ ಅಂಡ್ ಮೆನ್' (1937) ಕತೆಯ ಲೆನ್ನಿ ಕೊನೆಯಲ್ಲಿ ಸಾಯುತ್ತಾನೆ, ನಿಜ. ಆದರೆ ಮೊದಲ ಪುಟಗಳಲ್ಲೇ ಆ ದೈತ್ಯದೇಹದ, ಮಗುಮನಸ್ಸಿನವನ ಜೇಬಿನಲ್ಲಿ ಸತ್ತ ಇಲಿಯೊಂದಿದೆ. ಮೆತ್ತಗಿದೆ ಎಂದು ಸವರುತ್ತ ಸವರುತ್ತ ಇಟ್ಟುಕೊಂಡದ್ದು. ಆಮೇಲೆ ನಾಯಿಮರಿ, ಅದೂ ಅವನ ಕೈಯಲ್ಲಿ ಸಾಯುತ್ತದೆ. ಆಮೇಲೆ ಒಬ್ಬ ಹೆಣ್ಣಿನ ಕೂದಲು. ಮೂರೂ ಕಡೆ ಕೈ ಅದೇ, ಸವರುವ ಆಸೆ ಅದೇ, ಬೆಲೆ ಮಾತ್ರ ಏರುತ್ತ ಹೋಗುತ್ತದೆ. ನಾವು ಅವನಿಗಾಗಿ ಹೆದರಲು ಶುರುಮಾಡಿದ್ದು ಇಲಿಯನ್ನು ನೋಡಿದಾಗ. ಸಾವು ಬಂದದ್ದು ಆ ಹೆದರಿಕೆಯ ಹಿಂದೆಯೇ. ನಿಮ್ಮ ಮೊದಲ ಅಧ್ಯಾಯದಲ್ಲಿ ಇಲಿ ಇಲ್ಲದಿದ್ದರೆ ಕೊನೆಯ ಅಧ್ಯಾಯದಲ್ಲಿ ಗುಂಡು ಹಾರಿಸಿ ಪ್ರಯೋಜನವಿಲ್ಲ.

ಮೇಲಿನ ಉತ್ತರದಲ್ಲಿ ವಿರಾಟನ ಮಗನ ಕತೆಯನ್ನು ಅರ್ಧಕ್ಕೇ ಬಿಟ್ಟಿದ್ದೆ. ಕುರುಕ್ಷೇತ್ರದ ಮೊದಲ ದಿನ ಅವನು ಆನೆಯ ಮೇಲೆ ಕೂತು ಮದ್ರದ ರಾಜ ಶಲ್ಯನ ಮೇಲೆ ಏರಿ ಹೋಗುತ್ತಾನೆ. ಈ ಸಲ ಅರ್ಜುನನ ರಥದಲ್ಲಿಲ್ಲ, ಹಿಂದೆ ಅಟ್ಟಿಕೊಂಡು ಬಂದು ಜುಟ್ಟು ಹಿಡಿಯುವವರೂ ಇಲ್ಲ. ಅವನ ಆನೆ ಶಲ್ಯನ ನಾಲ್ಕು ಕುದುರೆಗಳನ್ನು ಕೊಲ್ಲುತ್ತದೆ. ಶಲ್ಯ ಎಸೆದ ಶಕ್ತ್ಯಾಯುಧ ಕವಚವನ್ನು ಸೀಳಿ ಒಳಹೊಕ್ಕು, ಹುಡುಗನ ಕೈಯಿಂದ ಅಂಕುಶ ಜಾರಿ, ಆನೆಯ ಮೇಲಿಂದ ಬೀಳುತ್ತಾನೆ.